ಗೋಬರ್ ಗ್ಯಾಸ್ ಸೋಸುವ ಸರಿಯಾದ ಕ್ರಮ: ಸಣ್ಣ ಘಟಕಗಳಿಗೆ ಹಂತ ಹಂತದ ಮಾರ್ಗದರ್ಶಿ

‘ಫಿಲ್ಟರ್ ಹಾಕಿದ್ದೀವಿ, ಆದರೂ ಜನರೇಟರ್ ಕೆಟ್ಟು ಹೋಯ್ತು.’ ಡೈರಿ ಫಾರ್ಮ್, ಹಾಸ್ಟೆಲ್, ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್‌ನಿಂದ (ಕಬ್ಬಿನ ರಸ ಸೋಸಿದಾಗ ಉಳಿಯುವ ಗಸಿ) ಗ್ಯಾಸ್ ಮಾಡುವವರು, ಎಲ್ಲರದ್ದೂ ಇದೇ ದೂರು. ಹೋಗಿ ನೋಡಿದರೆ ಫಿಲ್ಟರ್ ಇರುತ್ತದೆ. ಒಳಗಿನ ವಸ್ತುವೂ ಒಳ್ಳೆಯದೇ. ಆದರೆ ಫಿಲ್ಟರ್‌ಗಳನ್ನು ಜೋಡಿಸಿರುವ ಕ್ರಮ ತಲೆಕೆಳಗಾಗಿರುತ್ತದೆ, ಇಲ್ಲವೇ ಅಳತೆ ತೀರಾ ಚಿಕ್ಕದಾಗಿರುತ್ತದೆ.

ಕ್ರಮ ಇಷ್ಟೇ. ಮೊದಲು ನೀರಿನ ಹನಿ, ಆಮೇಲೆ ಹೈಡ್ರೋಜನ್ ಸಲ್ಫೈಡ್, ಆಮೇಲೆ ತೇವಾಂಶ, ಕೊನೆಗೆ ಬೇಕಿದ್ದರೆ ಮಾತ್ರ ಕಾರ್ಬನ್ ಡೈಆಕ್ಸೈಡ್. ಇದರಲ್ಲಿ ಒಂದನ್ನು ಹಿಂದೆಮುಂದೆ ಮಾಡಿದರೂ ಮುಂದಿನದ್ದು ಕೆಲಸ ಮಾಡುವುದಿಲ್ಲ.

ಈ ಬರಹದಲ್ಲಿ ದಿನಕ್ಕೆ 100 ಘನ ಮೀಟರ್ ಗ್ಯಾಸ್ ಕೊಡುವ ಘಟಕವನ್ನು ಲೆಕ್ಕಕ್ಕೆ ಇಟ್ಟುಕೊಂಡಿದ್ದೇನೆ. ಅಂದರೆ ದಿನಕ್ಕೆ ಸುಮಾರು 2,500 ಕೆಜಿ ಸಗಣಿ ಹಾಕುವ ಘಟಕ. ನಿಮ್ಮದು ಚಿಕ್ಕದೋ ದೊಡ್ಡದೋ ಇದ್ದರೆ ಅದೇ ಪ್ರಮಾಣದಲ್ಲಿ ಅಂಕಿಗಳನ್ನು ಬದಲಿಸಿಕೊಳ್ಳಿ.

## ಗ್ಯಾಸ್‌ನಲ್ಲಿ ಏನೇನಿದೆ, ಯಾವುದನ್ನು ತೆಗೆಯಬೇಕು

ಸಗಣಿ ಗ್ಯಾಸ್‌ನಲ್ಲಿ ಸಾಮಾನ್ಯವಾಗಿ 55ರಿಂದ 65 ಶೇಕಡಾ ಮೀಥೇನ್ ಇರುತ್ತದೆ. ಉಳಿದದ್ದು ಹೆಚ್ಚುಕಡಿಮೆ ಎಲ್ಲ ಕಾರ್ಬನ್ ಡೈಆಕ್ಸೈಡ್. ಜೊತೆಗೆ ಹಿಡಿಸಿದಷ್ಟೂ ನೀರಾವಿ ಮತ್ತು ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ವಾ, ಅದೇ ಹೈಡ್ರೋಜನ್ ಸಲ್ಫೈಡ್. ಪ್ರಮಾಣದಲ್ಲಿ ಚಿಕ್ಕದು, ಹಾಳು ಮಾಡುವುದರಲ್ಲಿ ಎಲ್ಲಕ್ಕಿಂತ ದೊಡ್ಡದು. ಉರಿದಾಗ ಸಲ್ಫರ್ ಡೈಆಕ್ಸೈಡ್ ಆಗಿ, ನೀರಿನೊಂದಿಗೆ ಸೇರಿ ಆಮ್ಲವಾಗುತ್ತದೆ. ಎಂಜಿನ್ ಆಯಿಲ್, ಬೇರಿಂಗ್, ಸೈಲೆನ್ಸರ್ ಎಲ್ಲವನ್ನೂ ತಿನ್ನುತ್ತದೆ.

ಪ್ರೆಸ್‌ಮಡ್ ಹಾಕುವವರು ಇನ್ನೂ ಜಾಸ್ತಿ ಎಚ್ಚರ ವಹಿಸಬೇಕು. ನಮ್ಮ ಹೆಚ್ಚಿನ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ರಸವನ್ನು ಗಂಧಕದ ಹೊಗೆಯಿಂದ ತಿಳಿಗೊಳಿಸುತ್ತಾರೆ. ಆ ಗಂಧಕದಲ್ಲಿ ಒಂದಷ್ಟು ಪ್ರೆಸ್‌ಮಡ್‌ಗೂ ಬರುತ್ತದೆ. ಮಂಡ್ಯ ಅಥವಾ ಬೆಳಗಾವಿ ಕಡೆಯ ಪ್ರೆಸ್‌ಮಡ್ ಘಟಕಕ್ಕೆ, ಸಗಣಿ ಘಟಕದಲ್ಲಿ ನೋಡಿದ ಫಿಲ್ಟರ್ ಅಳತೆಯನ್ನೇ ನಕಲು ಮಾಡಬೇಡಿ.

ಬರೀ ಒಲೆಗೆ ಬಳಸುವುದಾದರೆ ನೀರು ತೆಗೆದು, ಒಂದು ಚಿಕ್ಕ ಕಬ್ಬಿಣದ ಫಿಲ್ಟರ್ ಹಾಕಿದರೆ ಸಾಕು. ಜನರೇಟರ್‌ಗೆ ಹಂತ 1ರಿಂದ 6ರವರೆಗೆ ಬೇಕು. ಸಿಲಿಂಡರ್‌ಗೆ ತುಂಬುವವರಿಗೆ ಮಾತ್ರ ಹಂತ 7.

## ಬೇಕಾದ ಸಾಮಾನು

- ಹೈಡ್ರೋಜನ್ ಸಲ್ಫೈಡ್ ಅಳೆಯುವ ಗಾಜಿನ ಡಿಟೆಕ್ಟರ್ ಟ್ಯೂಬ್, ಅದರ ಕೈಪಂಪ್
- ಮೈಮೇಲೆ ಸಿಕ್ಕಿಸಿಕೊಳ್ಳುವ ಗ್ಯಾಸ್ ಅಲಾರಂ
- ಯು ಆಕಾರದ ಪಾರದರ್ಶಕ ಪೈಪ್, ಒತ್ತಡ ನೋಡಲು
- ಮುಚ್ಚಳ ಬಿಗಿಯಾಗಿ ಕೂರುವ 200 ಲೀಟರ್ ಪ್ಲಾಸ್ಟಿಕ್ ಡ್ರಮ್, ಕನಿಷ್ಠ ಎರಡು ಜೋಡಿ
- ಪಿವಿಸಿ ಅಥವಾ ಎಚ್‌ಡಿಪಿಇ ಪೈಪ್, ಬಾಲ್ ವಾಲ್ವ್
- ಡಯಲ್ ಥರ್ಮಾಮೀಟರ್, ಪಿಎಚ್ ಕಾಗದ
- ಬೆಂಕಿ ಪೈಪ್‌ನೊಳಗೆ ಹಿಂದಕ್ಕೆ ಹೋಗದಂತೆ ತಡೆಯುವ ಫ್ಲೇಮ್ ಅರೆಸ್ಟರ್, ಎಂಜಿನ್‌ಗೆ ಹೋಗುವ ಪೈಪ್‌ಗೆ ಹಾಕಲು

ಹಿತ್ತಾಳೆ ವಾಲ್ವ್, ತಾಮ್ರದ ಪೈಪ್ ಬೇಡ. ಸೋಸದ ಗ್ಯಾಸ್ ತಾಗಿದರೆ ಅವು ಕಪ್ಪಾಗಿ ಸವೆಯುತ್ತವೆ.

## ಕೆಲಸಕ್ಕೆ ಇಳಿಯುವ ಮುನ್ನ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಹೈಡ್ರೋಜನ್ ಸಲ್ಫೈಡ್ 100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 100 ಭಾಗ) ಹತ್ತಿರ ಬಂದರೆ ಮೂಗಿಗೆ ವಾಸನೆಯೇ ತಿಳಿಯದಂತಾಗುತ್ತದೆ. ‘ವಾಸನೆ ಹೋಯ್ತು, ಗ್ಯಾಸ್ ಇಲ್ಲ’ ಅಂದುಕೊಂಡವರು ಅಲ್ಲೇ ಬೀಳುತ್ತಾರೆ. 700 ಪಿಪಿಎಂ ದಾಟಿದರೆ ಕೆಲವೇ ಉಸಿರಿನಲ್ಲಿ ಪ್ರಜ್ಞೆ ಹೋಗಬಹುದು. ನಿಮ್ಮ ಪೈಪ್‌ನಲ್ಲಿ ಅದಕ್ಕಿಂತಲೂ ಜಾಸ್ತಿ ಇರಬಹುದು.

ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ಗುಂಡಿಯ ತಳದಲ್ಲಿ ನಿಲ್ಲುತ್ತದೆ. ಆದ್ದರಿಂದ ಡೈಜೆಸ್ಟರ್ (ಸಗಣಿ ಕೊಳೆತು ಗ್ಯಾಸ್ ಆಗುವ ತೊಟ್ಟಿ), ಬಗ್ಗಡದ ಗುಂಡಿ, ವಾಲ್ವ್ ಗುಂಡಿ, ಯಾವುದಕ್ಕೂ ಇಳಿಯಬೇಡಿ. ಯಾರಾದರೂ ಒಳಗೆ ಬಿದ್ದರೆ ಹಿಂದೆಯೇ ಹಾರಬೇಡಿ. ಗಾಳಿ ಸಿಲಿಂಡರ್ ಇರುವ ಅಗ್ನಿಶಾಮಕ ದಳದವರನ್ನು ಕರೆಯಿರಿ. ಕಾಪಾಡಲು ಇಳಿದವರೇ ಸಾಯುವುದು ಇಂಥ ಗುಂಡಿಗಳಲ್ಲಿ ತುಂಬಾ ಸಾಮಾನ್ಯ.

ಇನ್ನೊಂದು ಅಪಾಯ ಬೆಂಕಿ. ಗಾಳಿಯಲ್ಲಿ ಮೀಥೇನ್ 5ರಿಂದ 15 ಶೇಕಡಾ ಇದ್ದರೆ ಒಂದು ಕಿಡಿ ಸಾಕು. ಫಿಲ್ಟರ್ ಡ್ರಮ್‌ಗಳನ್ನು ಕೋಣೆಯೊಳಗೆ ಇಡಬೇಡಿ. ಮೇಲೆ ತಗಡಿನ ಮಾಡು, ನಾಲ್ಕೂ ಕಡೆ ಗಾಳಿ. ಅಷ್ಟೇ ಇರಲಿ.

## ಹಂತ 1: ಮೊದಲು ಅಳೆಯಿರಿ

ಅಳೆಯದೆ ಫಿಲ್ಟರ್ ಕೊಳ್ಳುವುದು ಸುಮ್ನೆ ದುಡ್ಡು ಕಳೆದಂತೆ. ಮೂರು ಅಂಕಿ ಬೇಕು.

ಮೊದಲನೆಯದು ಹೈಡ್ರೋಜನ್ ಸಲ್ಫೈಡ್ ಎಷ್ಟು ಪಿಪಿಎಂ ಎಂಬುದು. ಬೆಳಗ್ಗೆ ಒಮ್ಮೆ, ಸಗಣಿ ಹಾಕಿ ಕಲಕಿದ ಮೇಲೆ ಒಮ್ಮೆ ನೋಡಿ. ಕಲಕಿದಾಗ ಅದು ಏರುತ್ತದೆ. ಏರಿದ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಿರಿ.

ಎರಡನೆಯದು ಗ್ಯಾಸ್ ಹರಿವು. ಇಲ್ಲೇ ಹೆಚ್ಚಿನವರು ಎಡವುವುದು. ದಿನಕ್ಕೆ 100 ಘನ ಮೀಟರ್ ಅಂದರೆ ಗಂಟೆಗೆ 4 ಘನ ಮೀಟರ್ ಚಿಲ್ಲರೆ ಎಂದು ಲೆಕ್ಕ ಹಾಕಿ ಫಿಲ್ಟರ್ ಮಾಡಿಸುತ್ತಾರೆ. ಆದರೆ ಬಲೂನ್‌ನಲ್ಲಿ ಸಂಗ್ರಹವಾದ ಗ್ಯಾಸನ್ನು ಎಂಜಿನ್ ಆರೇ ಗಂಟೆಯಲ್ಲಿ ಎಳೆದರೆ, ಗಂಟೆಗೆ ಸುಮಾರು 17 ಘನ ಮೀಟರ್ ಆಯಿತು. ಫಿಲ್ಟರ್ ನೋಡುವುದು ಈ 17ನ್ನು. ಮೊದಲ ಲೆಕ್ಕದಲ್ಲಿ ಮಾಡಿದ ಫಿಲ್ಟರ್ ಇಲ್ಲಿ ನಾಲ್ಕು ಪಟ್ಟು ಚಿಕ್ಕದು.

ಮೂರನೆಯದು ಒತ್ತಡ. ತೇಲುವ ಡ್ರಮ್ ಮಾದರಿಯಲ್ಲಿ ಸುಮಾರು 10 ಸೆಂಟಿಮೀಟರ್ ನೀರಿನ ಮಟ್ಟದಷ್ಟು ಇರುತ್ತದೆ. ಬಲೂನ್‌ನಲ್ಲಿ ಇನ್ನೂ ಕಡಿಮೆ. ದೀನಬಂಧು ಥರದ ಸ್ಥಿರ ಗುಮ್ಮಟದಲ್ಲಿ ಒಂದು ಮೀಟರ್ ಹತ್ತಿರಕ್ಕೂ ಹೋಗುತ್ತದೆ. ಮುಂದಿನ ಹಂತಕ್ಕೆ ಈ ಅಂಕಿ ಬೇಕೇ ಬೇಕು.

## ಹಂತ 2: ನೀರಿನ ಹನಿ ಇಳಿಸಿ

ಡೈಜೆಸ್ಟರ್‌ನಿಂದ 35 ಡಿಗ್ರಿಯಲ್ಲಿ ಹೊರಬಂದ ಗ್ಯಾಸ್ ಒಂದು ಘನ ಮೀಟರ್‌ಗೆ ಸುಮಾರು 40 ಗ್ರಾಂ ನೀರಾವಿ ಹೊತ್ತು ತರುತ್ತದೆ. ಪೈಪ್‌ನಲ್ಲಿ 25 ಡಿಗ್ರಿಗೆ ತಣ್ಣಗಾದರೆ ಅದಕ್ಕೆ 23 ಗ್ರಾಂ ಮಾತ್ರ ಹಿಡಿಯುತ್ತದೆ. ಉಳಿದದ್ದು ಹನಿಯಾಗಿ ಪೈಪ್‌ನಲ್ಲೇ ನಿಲ್ಲುತ್ತದೆ. ನಮ್ಮ 100 ಘನ ಮೀಟರ್ ಘಟಕದಲ್ಲಿ ಇದು ದಿನಕ್ಕೆ ಒಂದೂವರೆ ಲೀಟರ್‌ಗಿಂತ ಜಾಸ್ತಿ.

ಪೈಪನ್ನು ನೂರು ಅಡಿಗೆ ಒಂದು ಅಡಿಯಾದರೂ ಇಳಿಜಾರು ಕೊಟ್ಟು ಹಾಕಿ. ತಗ್ಗಿನ ಜಾಗದಲ್ಲಿ ಟಿ ಆಕಾರದ ಪೈಪ್ ಜೋಡಿಸಿ, ಅದರ ಕಾಲನ್ನು ನೀರು ತುಂಬಿದ ಪೈಪ್‌ಗೆ ಇಳಿಸಿ. ಇದೇ ವಾಟರ್ ಟ್ರ್ಯಾಪ್. ಟ್ರ್ಯಾಪ್‌ನ ನೀರಿನ ಆಳ ನಿಮ್ಮ ಗ್ಯಾಸ್ ಒತ್ತಡಕ್ಕಿಂತ ಹೆಚ್ಚಿರಬೇಕು. ತೇಲುವ ಡ್ರಮ್ ಘಟಕಕ್ಕೆ 30 ಸೆಂಟಿಮೀಟರ್ ಸಾಕು. ಅದೇ ಟ್ರ್ಯಾಪನ್ನು ಸ್ಥಿರ ಗುಮ್ಮಟಕ್ಕೆ ಹಾಕಿದರೆ ಗ್ಯಾಸ್ ನೀರನ್ನು ತಳ್ಳಿಕೊಂಡು ಹೊರಗೆ ಬರುತ್ತದೆ. ಅಲ್ಲಿ ವಾಲ್ವ್ ಇರುವ ಮುಚ್ಚಿದ ಟ್ರ್ಯಾಪ್ ಹಾಕಿ, ದಿನಕ್ಕೊಮ್ಮೆ ತೆರೆದು ನೀರು ಬಿಡಿ. ಬೇಸಿಗೆಯಲ್ಲಿ ತೆರೆದ ಟ್ರ್ಯಾಪ್‌ನ ನೀರು ಆರಿಹೋಗುತ್ತದೆ, ವಾರಕ್ಕೊಮ್ಮೆ ನೋಡಿ ತುಂಬಿಸಿ.

ಈ ಹಂತದಲ್ಲಿ ಹನಿ ಮಾತ್ರ ತೆಗೆಯಬೇಕು. ಸಿಲಿಕಾ ಜೆಲ್ ಹಾಕಿ ಗ್ಯಾಸನ್ನು ಪೂರ್ತಿ ಒಣಗಿಸಬೇಡಿ. ಯಾಕೆಂದರೆ ಹಂತ 4ರ ಕಬ್ಬಿಣಕ್ಕೆ ತೇವ ಬೇಕು. ಒಣ ತುಕ್ಕು ಹೈಡ್ರೋಜನ್ ಸಲ್ಫೈಡನ್ನು ಹಿಡಿಯುವುದು ಬಹಳ ಕಡಿಮೆ. ಮೊದಲೇ ಒಣಗಿಸಿ ಆಮೇಲೆ ಕಬ್ಬಿಣದ ಫಿಲ್ಟರ್‌ಗೆ ಕಳಿಸುವುದು ನಾನು ಅತಿ ಹೆಚ್ಚು ನೋಡಿರುವ ತಪ್ಪು. ಹೊಸ ಫಿಲ್ಟರ್ ಕೆಲವು ದಿನ ಚೆನ್ನಾಗಿ ಓಡಿ, ತೇವ ಆರಿದ ಮೇಲೆ ನಿಂತುಬಿಡುತ್ತದೆ. ಮಾಲೀಕರು ‘ಮಾಲು ಕಳಪೆ’ ಎಂದು ಅಂಗಡಿಯವರ ಮೇಲೆ ಕೂಗಾಡುತ್ತಾರೆ.

## ಹಂತ 3: ಡೈಜೆಸ್ಟರ್‌ನಲ್ಲೇ ಹೊರೆ ಇಳಿಸಿ

ಹೈಡ್ರೋಜನ್ ಸಲ್ಫೈಡ್ 2,000 ಪಿಪಿಎಂ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಮೇಲಿದ್ದರೆ, ಎಲ್ಲವನ್ನೂ ಫಿಲ್ಟರ್ ಮೇಲೆ ಹೊರಿಸಬೇಡಿ. ಗ್ಯಾಸ್ ನಿಲ್ಲುವ ಜಾಗಕ್ಕೆ ಸ್ವಲ್ಪ ಗಾಳಿ ಬಿಟ್ಟರೆ, ಅಲ್ಲಿರುವ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡನ್ನು ಗಂಧಕವಾಗಿ ಬದಲಿಸುತ್ತವೆ. ಗೋಡೆ ಮೇಲೆ ಹಳದಿ ಪದರ ಕಟ್ಟುತ್ತದೆ. ಚೆನ್ನಾಗಿ ನಡೆದರೆ 80 ಶೇಕಡಾಕ್ಕೂ ಮೇಲೆ ಕಡಿಮೆಯಾಗುತ್ತದೆ.

ಗಾಳಿಯ ಪ್ರಮಾಣ ಗ್ಯಾಸ್‌ನ 2ರಿಂದ 5 ಶೇಕಡಾ. ನಮ್ಮ ಘಟಕಕ್ಕೆ 4 ಶೇಕಡಾ ಅಂದರೆ ದಿನಕ್ಕೆ 4 ಘನ ಮೀಟರ್, ನಿಮಿಷಕ್ಕೆ 3 ಲೀಟರ್‌ಗಿಂತ ಸ್ವಲ್ಪ ಕಡಿಮೆ. ಅಕ್ವೇರಿಯಂಗೆ ಹಾಕುವ ಚಿಕ್ಕ ಪಂಪ್ ಇಷ್ಟು ಕೊಡುತ್ತದೆ. ಆದರೆ ಮೂರು ಷರತ್ತು. ಕರೆಂಟ್ ಹೋದಾಗ ಗ್ಯಾಸ್ ಹಿಂದಕ್ಕೆ ಬರದಂತೆ ನಾನ್ ರಿಟರ್ನ್ ವಾಲ್ವ್ ಇರಬೇಕು. ಪಂಪ್ ಗ್ಯಾಸ್ ಇರುವ ಜಾಗದಿಂದ ದೂರ, ಬಯಲಲ್ಲಿ ಇರಬೇಕು. ಸಗಣಿ ಹಾಕುವುದು ನಿಂತರೆ ಅಥವಾ ಗ್ಯಾಸ್ ಕಡಿಮೆಯಾದರೆ ಅದೇ ದಿನ ಪಂಪ್ ನಿಲ್ಲಿಸಬೇಕು. ಇಲ್ಲದಿದ್ದರೆ ಗಾಳಿಯ ಪಾಲು ಏರುತ್ತಾ ಹೋಗಿ, ಡೈಜೆಸ್ಟರ್ ಒಳಗೇ ಸಿಡಿಯುವ ಮಿಶ್ರಣ ತಯಾರಾಗಬಹುದು.

ಸ್ಥಿರ ಗುಮ್ಮಟದ ಒತ್ತಡಕ್ಕೆ ಈ ಚಿಕ್ಕ ಪಂಪ್ ಆಗಿಬರುವುದಿಲ್ಲ. ಸಿಲಿಂಡರ್‌ಗೆ ತುಂಬುವವರು ಈ ಹಂತವನ್ನೇ ಬಿಟ್ಟುಬಿಡಿ. ಗಾಳಿಯ ನೈಟ್ರೋಜನ್ ಗ್ಯಾಸ್‌ನಲ್ಲೇ ಉಳಿಯುತ್ತದೆ, ಆಮೇಲೆ ಅದನ್ನು ಬೇರ್ಪಡಿಸುವುದು ಕಷ್ಟ. ಅವರು ಸಗಣಿ ಜೊತೆಗೇ ಫೆರಿಕ್ ಕ್ಲೋರೈಡ್ ಅಳತೆ ಮಾಡಿ ಹಾಕುವುದು ಉತ್ತಮ.

## ಹಂತ 4: ಕಬ್ಬಿಣದ ಫಿಲ್ಟರ್

ಇಡೀ ಕೆಲಸದ ಜೀವಾಳ ಇದೇ, ಹಾಗಾಗಿ ಇಲ್ಲಿ ನಿಧಾನವಾಗಿ ಹೋಗೋಣ. ತುಕ್ಕು ಅಂದರೆ ಐರನ್ ಆಕ್ಸೈಡ್. ಹೈಡ್ರೋಜನ್ ಸಲ್ಫೈಡ್ ಅದಕ್ಕೆ ತಾಗಿದರೆ ಐರನ್ ಸಲ್ಫೈಡ್ ಆಗಿ ಅಲ್ಲೇ ಹಿಡಿದುಕೊಳ್ಳುತ್ತದೆ. ಕೆಂಪು ಕಂದು ಬಣ್ಣದ ವಸ್ತು ಕಪ್ಪಾಗುತ್ತದೆ.

ಎಷ್ಟು ಜಾಗ ಬೇಕು. ಗ್ಯಾಸ್ ಫಿಲ್ಟರ್‌ನಲ್ಲಿ ಕನಿಷ್ಠ ಒಂದು ನಿಮಿಷ ಇರಬೇಕು. ಗಂಟೆಗೆ 17 ಘನ ಮೀಟರ್ ಹರಿವಿಗೆ ಒಂದು ನಿಮಿಷಕ್ಕೆ ಸುಮಾರು 280 ಲೀಟರ್. ಅಂದರೆ 150 ಲೀಟರ್‌ವರೆಗೆ ತುಂಬಿದ ಎರಡು ಡ್ರಮ್. ಎಂಜಿನ್ ಪಕ್ಕದಲ್ಲಿ ನೇತುಹಾಕುವ ಒಂದಡಿ ಉದ್ದದ ಫಿಲ್ಟರ್ ಈ ಕೆಲಸಕ್ಕೆ ಯಾಕೆ ಸಾಲದು ಎಂಬುದು ಈಗ ಗೊತ್ತಾಯಿತಲ್ವಾ?

ಎಷ್ಟು ಆಕ್ಸೈಡ್ ಬೇಕು. 2,000 ಪಿಪಿಎಂ ಅಂದರೆ ಒಂದು ಘನ ಮೀಟರ್‌ಗೆ ಸುಮಾರು 2.8 ಗ್ರಾಂ. ದಿನಕ್ಕೆ 280 ಗ್ರಾಂ ಹೈಡ್ರೋಜನ್ ಸಲ್ಫೈಡ್. ಲೆಕ್ಕದ ಪ್ರಕಾರ ಒಂದು ಕೆಜಿ ಐರನ್ ಆಕ್ಸೈಡ್ 640 ಗ್ರಾಂ ಹಿಡಿಯುತ್ತದೆ. ನಿಜದಲ್ಲಿ ಅರ್ಧ ಎಂದು ಹಿಡಿದುಕೊಂಡರೆ ಕ್ಷೇಮ. ಹಾಗಾದರೆ ದಿನಕ್ಕೆ 900 ಗ್ರಾಂ, ತಿಂಗಳಿಗೆ 27 ಕೆಜಿ ಆಕ್ಸೈಡ್. ಹಂತ 3 ಚೆನ್ನಾಗಿ ನಡೆದರೆ ಇದೇ ಮಾಲು ಹಲವು ತಿಂಗಳು ಬರುತ್ತದೆ.

ಯಾವ ವಸ್ತು. ಐರನ್ ಆಕ್ಸೈಡ್ ಪೆಲೆಟ್ ಮಾರುಕಟ್ಟೆಯಲ್ಲಿ ಸಿಗುತ್ತದೆ, ಕೈಗೆಟುಕಿದರೆ ಅದೇ ಸುಲಭ. ಮನೆಯಲ್ಲೇ ಮಾಡಿಕೊಳ್ಳುವುದಾದರೆ ಲೇತ್ ಅಂಗಡಿಯ ಬೀಡು ಕಬ್ಬಿಣದ ಚೂರು ತನ್ನಿ. ಸ್ಟೇನ್‌ಲೆಸ್ ಸ್ಟೀಲ್ ಚೂರು ಸೇರಿರಬಾರದು, ಅದು ತುಕ್ಕು ಹಿಡಿಯುವುದಿಲ್ಲ. ಚೂರಿಗೆ ಅಂಟಿದ ಎಣ್ಣೆಯನ್ನು ಬಿಸಿನೀರು, ಸೋಪಿನ ಪುಡಿ ಹಾಕಿ ತೊಳೆಯಿರಿ. ಆಮೇಲೆ ಸಿಮೆಂಟ್ ಕಣದಲ್ಲಿ ತೆಳ್ಳಗೆ ಹರಡಿ, ದಿನಾ ನೀರು ಚಿಮುಕಿಸಿ, ತಿರುವಿ ಹಾಕಿ. ಮುಷ್ಟಿಯಲ್ಲಿ ಹಿಡಿದರೆ ಕೈಯೆಲ್ಲ ಕೆಂಪಾಗುವಷ್ಟು ತುಕ್ಕು ಬರಬೇಕು. ಹೊಳಪು ಉಳಿದಿದ್ದರೆ ಇನ್ನೂ ಕಾಯಿರಿ. ಚೂರಿನ ಒಳಗಿನ ಕಬ್ಬಿಣ ಲೆಕ್ಕಕ್ಕೆ ಬರುವುದಿಲ್ಲ, ಮೇಲಿನ ತುಕ್ಕಷ್ಟೇ ಕೆಲಸ ಮಾಡುವುದು. ಹಾಗಾಗಿ ಮೇಲಿನ 27 ಕೆಜಿಗೆ ಇಂಥ ಚೂರು ಎಷ್ಟೋ ಪಟ್ಟು ಜಾಸ್ತಿ ಬೇಕಾಗುತ್ತದೆ.

ಈ ಚೂರನ್ನು ಬಡಗಿ ಅಂಗಡಿಯ ಮರದ ಸಿಪ್ಪೆಯ ಜೊತೆ ಕಲಸಿ. ಗರಗಸದ ನುಣ್ಣನೆ ಪುಡಿ ಬೇಡ, ಅದು ಮುದ್ದೆ ಕಟ್ಟಿ ಗ್ಯಾಸ್ ತಡೆಯುತ್ತದೆ. ಸ್ವಲ್ಪ ವಾಷಿಂಗ್ ಸೋಡಾ ಕರಗಿಸಿದ ನೀರು ಚಿಮುಕಿಸಿ. ಪಿಎಚ್ 8ರಿಂದ 10ರ ನಡುವೆ ಇರಲಿ. ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು.

ತುಂಬುವುದು. ಡ್ರಮ್‌ನ ತಳದಿಂದ ಆರು ಇಂಚು ಮೇಲೆ ತೂತಿರುವ ಪ್ಲಾಸ್ಟಿಕ್ ಜಾಲರಿ ಕೂರಿಸಿ, ಕೆಳಗೆ ನೀರು ಹೋಗಲು ಟ್ರ್ಯಾಪ್ ಕೊಡಿ. ಒಂದೊಂದು ಅಡಿಗೂ ನೈಲಾನ್ ಬಲೆ ಹಾಸಿ ಪದರ ಪದರವಾಗಿ ತುಂಬಿ. ತುಳಿದು ಗಟ್ಟಿ ಮಾಡಬೇಡಿ. ಡ್ರಮ್ ಗೋಡೆಯ ಅಂಚಿನಲ್ಲಿ ಮಾತ್ರ ಕೈಯಿಂದ ಒತ್ತಿ, ಇಲ್ಲದಿದ್ದರೆ ಗ್ಯಾಸ್ ಗೋಡೆ ಪಕ್ಕದ ಸಂದಿಯಲ್ಲೇ ನುಸುಳಿ ಹೋಗುತ್ತದೆ. ಗ್ಯಾಸ್ ಮೇಲಿನಿಂದ ಒಳಗೆ ಬಂದು ಕೆಳಗಿನಿಂದ ಹೊರಗೆ ಹೋಗಲಿ. ಆಗ ನೀರೂ ಅದರ ಜೊತೆಗೇ ಇಳಿಯುತ್ತದೆ.

ಜೋಡಣೆ. ಒಂದರ ಹಿಂದೆ ಒಂದರಂತೆ ಎರಡು ಡ್ರಮ್, ನಡುವೆ ಮಾದರಿ ತೆಗೆಯಲು ಚಿಕ್ಕ ವಾಲ್ವ್. ಇನ್ನೊಂದು ಜೋಡಿ ಪಕ್ಕದಲ್ಲಿ ತಯಾರಿರಲಿ. ನಡುವಿನ ವಾಲ್ವ್‌ನಲ್ಲಿ ವಾರಕ್ಕೊಮ್ಮೆ ಅಳೆಯಿರಿ. ಅಲ್ಲಿ ಅಂಕಿ ಏರತೊಡಗಿದರೆ ಮೊದಲ ಡ್ರಮ್ ಮುಗಿಯುತ್ತಾ ಬಂತು ಎಂದರ್ಥ. ಅದನ್ನು ತೆಗೆದು, ಎರಡನೆಯದನ್ನು ಮೊದಲಿಗೆ ತಂದು, ಹೊಸದನ್ನು ಹಿಂದಕ್ಕೆ ಹಾಕಿ. ಎಂಜಿನ್‌ಗೆ ಹೋಗುವ ಕೊನೆಯ ವಾಲ್ವ್‌ನಲ್ಲಿ ಏರುವ ತನಕ ಕಾಯಬೇಡಿ. ಎಷ್ಟು ಪಿಪಿಎಂ ಒಳಗಿರಬೇಕು ಎಂಬುದಕ್ಕೆ ನಿಮ್ಮ ಎಂಜಿನ್‌ನ ಮ್ಯಾನುಯಲ್ಲೇ ಪ್ರಮಾಣ.

ನೀರಿನ ಬಾಟಲಿಯಲ್ಲಿ ಗ್ಯಾಸನ್ನು ಗುಳ್ಳೆಯಾಗಿ ಬಿಟ್ಟರೆ ಹೈಡ್ರೋಜನ್ ಸಲ್ಫೈಡ್ ಹೋಗುತ್ತದೆ ಎಂದು ತೋರಿಸುವ ವಿಡಿಯೊಗಳಿವೆ. ಆ ನೀರು ಬೇಗನೆ ತುಂಬಿಹೋಗಿ, ಆಮೇಲೆ ಏನನ್ನೂ ಹಿಡಿಯುವುದಿಲ್ಲ. ಅದನ್ನು ನಂಬಿ ಎಂಜಿನ್ ಓಡಿಸಬೇಡಿ.

## ಹಂತ 5: ಮುಗಿದ ಕಬ್ಬಿಣವನ್ನು ತೆಗೆಯುವುದು

ಅತಿ ಅಪಾಯದ ಕೆಲಸ ಇದು. ಕಪ್ಪಾದ ಐರನ್ ಸಲ್ಫೈಡ್ ಗಾಳಿಗೆ ತಾಗಿದರೆ ತಾನೇ ಬಿಸಿಯಾಗುತ್ತದೆ. ಒಣಗಿದ್ದರೆ ಹೊತ್ತಿಕೊಳ್ಳುತ್ತದೆ.

1. ಎಂಜಿನ್ ನಿಲ್ಲಿಸಿ. ಡ್ರಮ್‌ನ ಎರಡೂ ಕಡೆಯ ವಾಲ್ವ್ ಮುಚ್ಚಿ.
2. ಮುಚ್ಚಳದ ನಳಿಕೆಯಿಂದ ನೀರು ಬಿಟ್ಟು ಡ್ರಮ್ ತುಂಬಿಸಿ. ಒಳಗಿನ ಗ್ಯಾಸ್ ಎತ್ತರದ ವೆಂಟ್ ಪೈಪ್‌ನಿಂದ ಹೊರಹೋಗಲಿ.
3. ನೀರು ಬಸಿದು, ತಕ್ಷಣ ಮುಚ್ಚಳ ತೆಗೆಯಿರಿ. ಅಲಾರಂ ಮೈಮೇಲೆ ಇರಲಿ, ಗಾಳಿ ಬರುವ ದಿಕ್ಕಿಗೆ ನಿಲ್ಲಿ, ಜೊತೆಗೆ ಇನ್ನೊಬ್ಬರಿರಲಿ.
4. ಮಾಲನ್ನು ಸಿಮೆಂಟ್ ನೆಲದ ಮೇಲೆ ಒಂದು ಗೇಣಿಗಿಂತ ತೆಳ್ಳಗೆ ಹರಡಿ. ರಾಶಿ ಹಾಕಬೇಡಿ. ಹುಲ್ಲಿನ ಬಣವೆ, ಕೊಟ್ಟಿಗೆ ಹತ್ತಿರ ಬೇಡವೇ ಬೇಡ.
5. ನೀರು ಚಿಮುಕಿಸುತ್ತಾ, ದಿನಕ್ಕೆ ಎರಡು ಮೂರು ಬಾರಿ ತಿರುವಿ. ಕಪ್ಪು ಹೋಗಿ ಮತ್ತೆ ಕಂದು ಬಣ್ಣ ಬರುವವರೆಗೆ ಇದು ನಡೆಯಬೇಕು.

ಘಾಟು ಹೊಗೆ ಎದ್ದರೆ ಅದು ಸಲ್ಫರ್ ಡೈಆಕ್ಸೈಡ್. ಹಿಂದೆ ಸರಿದು ದೂರದಿಂದ ಪೈಪ್‌ನಲ್ಲಿ ನೀರು ಹೊಡೆಯಿರಿ.

ಹೀಗೆ ಜೀವ ತುಂಬಿದ ಮಾಲನ್ನು ಎರಡು ಮೂರು ಸಲ ಬಳಸಬಹುದು. ಪ್ರತಿ ಸಲವೂ ಶಕ್ತಿ ಕುಂದುತ್ತದೆ, ಯಾಕೆಂದರೆ ಗಂಧಕ ಅದರ ಮೇಲೇ ಕೂತಿರುತ್ತದೆ. ಕೊನೆಗೆ ಬಿಸಾಡುವಾಗ ಪೂರ್ತಿ ಕಂದಾದ ಮೇಲೆ ಮಾತ್ರ, ಒದ್ದೆಯಾಗಿಯೇ ಚೀಲಕ್ಕೆ ತುಂಬಿ. ಎಲ್ಲಿಗೆ ಹಾಕಬೇಕೆಂದು ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಥಳೀಯ ಕಚೇರಿಯಲ್ಲಿ ಕೇಳಿಕೊಳ್ಳಿ.

## ಹಂತ 6: ಈಗ ಒಣಗಿಸಿ

ಕಬ್ಬಿಣ ದಾಟಿದ ಮೇಲೆ ತೇವದ ಕೆಲಸ ಮುಗಿಯಿತು. ಫಿಲ್ಟರ್‌ನಿಂದ ಎಂಜಿನ್‌ಗೆ ಹೋಗುವ ಪೈಪನ್ನು ನೆಲದಡಿ ಅಥವಾ ನೀರಿನ ತೊಟ್ಟಿಯೊಳಗೆ ಹಾಯಿಸಿ ತಂಪು ಮಾಡಿ, ಅದು ಮುಗಿಯುವ ಕಡೆ ಇನ್ನೊಂದು ಟ್ರ್ಯಾಪ್ ಕೊಡಿ. ಬ್ಲೋವರ್ ಇದ್ದರೆ ಈ ಟ್ರ್ಯಾಪ್ ಆದ ಮೇಲೆ ಇಡಿ. ಬ್ಲೋವರ್‌ನಲ್ಲಿ ಗ್ಯಾಸ್ ತುಸು ಬೆಚ್ಚಗಾಗುತ್ತದೆ, ಆಗ ಮುಂದೆ ಹನಿ ಕಟ್ಟುವುದಿಲ್ಲ. ಜನರೇಟರ್‌ಗೆ ಇಷ್ಟು ಸಾಕು.

ಸಿಲಿಕಾ ಜೆಲ್ ಒಂದರಿಂದಲೇ ಒಣಗಿಸುತ್ತೇನೆ ಎನ್ನುವವರು ಲೆಕ್ಕ ನೋಡಿ. 25 ಡಿಗ್ರಿಯಲ್ಲೂ 100 ಘನ ಮೀಟರ್ ಗ್ಯಾಸ್‌ನಲ್ಲಿ 2.3 ಕೆಜಿ ನೀರಿದೆ. ಜೆಲ್ ತನ್ನ ತೂಕದ ಕಾಲು ಭಾಗ ಹಿಡಿದರೂ ದಿನಕ್ಕೆ 9 ಕೆಜಿ ಜೆಲ್ ಬದಲಿಸಬೇಕು. ಯಾರೂ ಬದಲಿಸುವುದಿಲ್ಲ. ಎರಡನೇ ದಿನದಿಂದ ಅದು ಖಾಲಿ ಡಬ್ಬಿ ಇದ್ದಂತೆ.

## ಹಂತ 7: ಕಾರ್ಬನ್ ಡೈಆಕ್ಸೈಡ್, ಸಿಲಿಂಡರ್ ತುಂಬುವವರಿಗೆ ಮಾತ್ರ

ಒಲೆ, ಜನರೇಟರ್‌ಗೆ ಇದನ್ನು ತೆಗೆಯುವ ಗೋಜೇ ಬೇಡ. ಸುಣ್ಣದ ನೀರಿನಿಂದ ತೆಗೆಯುತ್ತೇವೆ ಎನ್ನುವವರಿದ್ದಾರೆ. ನಮ್ಮ ಘಟಕದಲ್ಲಿ ದಿನಕ್ಕೆ 40 ಘನ ಮೀಟರ್ ಕಾರ್ಬನ್ ಡೈಆಕ್ಸೈಡ್ ಬರುತ್ತದೆ ಅಂದುಕೊಳ್ಳಿ. ತೂಕ 70 ಕೆಜಿಗೆ ಮೇಲೆ. ಅದನ್ನು ಹಿಡಿಯಲು ದಿನಕ್ಕೆ ಸುಮಾರು 120 ಕೆಜಿ ಅರಳಿದ ಸುಣ್ಣ ಬೇಕು!

ವಾಹನಕ್ಕೆ ತುಂಬುವ ಗ್ಯಾಸ್‌ಗೆ ಭಾರತೀಯ ಮಾನಕ 16087:2016 ಅನ್ವಯಿಸುತ್ತದೆ. ಮೀಥೇನ್ ಕನಿಷ್ಠ 90 ಶೇಕಡಾ, ಕಾರ್ಬನ್ ಡೈಆಕ್ಸೈಡ್ ಗರಿಷ್ಠ 4 ಶೇಕಡಾ, ಆಕ್ಸಿಜನ್ ಗರಿಷ್ಠ 0.5 ಶೇಕಡಾ, ಒಟ್ಟು ಗಂಧಕ ಘನ ಮೀಟರ್‌ಗೆ 20 ಮಿಲಿಗ್ರಾಂ ಒಳಗೆ. ಕಬ್ಬಿಣದ ಫಿಲ್ಟರ್ ಆದ ಮೇಲೆ ಆಕ್ಟಿವೇಟೆಡ್ ಕಾರ್ಬನ್ ಇಲ್ಲದೆ ಕೊನೆಯ ಅಂಕಿ ಮುಟ್ಟುವುದು ಕಷ್ಟ.

ಒತ್ತಡದಲ್ಲಿ ನೀರಿನಿಂದ ತೊಳೆಯುವ ಸ್ಕ್ರಬ್ಬರ್, ಇಲ್ಲವೇ ಪಿಎಸ್‌ಎ ಎನ್ನುವ ಹೀರು ಗೋಪುರ, ಎರಡೂ ಸಣ್ಣ ಘಟಕಕ್ಕೆ ಸಿಗುತ್ತವೆ. ಪಿಎಸ್‌ಎ ತೆಗೆದುಕೊಂಡರೆ ಹಂತ 4 ಮತ್ತು 6 ಪಕ್ಕಾ ಇರಬೇಕು. ಹೈಡ್ರೋಜನ್ ಸಲ್ಫೈಡ್ ಮತ್ತು ನೀರು ಅದರೊಳಗಿನ ದುಬಾರಿ ವಸ್ತುವನ್ನು ಹಾಳು ಮಾಡುತ್ತವೆ. 200 ಬಾರ್‌ಗೂ ಮೇಲೆ ಒತ್ತಿ ತುಂಬುವ ಕೆಲಸಕ್ಕೆ ಪೆಸೊ (ಕೇಂದ್ರ ಸರ್ಕಾರದ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ) ಪರವಾನಗಿ ಕಡ್ಡಾಯ.

ಅಡುಗೆ ಗ್ಯಾಸ್‌ನ ಕೆಂಪು ಸಿಲಿಂಡರ್‌ಗೆ ಗೋಬರ್ ಗ್ಯಾಸ್ ತುಂಬಲು ಯಾವತ್ತೂ ಹೋಗಬೇಡಿ. ಎಲ್‌ಪಿಜಿ ಕಡಿಮೆ ಒತ್ತಡದಲ್ಲೇ ದ್ರವವಾಗುತ್ತದೆ. ಮೀಥೇನ್ ನಮ್ಮ ಹವೆಯಲ್ಲಿ ಎಷ್ಟು ಒತ್ತಿದರೂ ದ್ರವವಾಗುವುದಿಲ್ಲ. ಒತ್ತಡ ಏರುತ್ತಲೇ ಹೋಗಿ ಸಿಲಿಂಡರ್ ಸಿಡಿಯುತ್ತದೆ.

## ಎಚ್ಚರಿಕೆಯ ಗುರುತುಗಳು

ಒಲೆಯ ಉರಿ ಬಡಿದುಕೊಳ್ಳುತ್ತದೆ, ಒತ್ತಡದ ಮಟ್ಟ ಕುಣಿಯುತ್ತದೆ. ಪೈಪ್‌ನಲ್ಲಿ ನೀರು ನಿಂತಿದೆ. ಹಂತ 2ಕ್ಕೆ ಹೋಗಿ.

ಡ್ರಮ್‌ನ ಹೊರಮೈ ಕೈಗೆ ಬಿಸಿ. ಗಾಳಿ ಒಳಗೆ ಹೋಗುತ್ತಿದೆ. ಥರ್ಮಾಮೀಟರ್ 50 ಡಿಗ್ರಿ ದಾಟುವ ಮೊದಲೇ ಗಾಳಿ ಪಂಪ್ ನಿಲ್ಲಿಸಿ, ವಾಲ್ವ್ ಮುಚ್ಚಿ, ನೀರು ಬಿಡಿ. ಮುಚ್ಚಳ ತೆಗೆಯಬೇಡಿ.

ಡ್ರಮ್‌ಗೆ ಗ್ಯಾಸ್ ಒಳಬರುವ ಕಡೆಗೂ ಹೊರಹೋಗುವ ಕಡೆಗೂ ಒತ್ತಡದ ವ್ಯತ್ಯಾಸ ದಿನದಿನಕ್ಕೆ ಏರುತ್ತಿದೆ. ಮಾಲು ಮುದ್ದೆ ಕಟ್ಟಿದೆ ಅಥವಾ ಕೆಳಗಿನ ಟ್ರ್ಯಾಪ್ ಕಟ್ಟಿಕೊಂಡಿದೆ.

ಹೊಸ ಮಾಲು ಹಾಕಿದ ವಾರದಲ್ಲೇ ಹೈಡ್ರೋಜನ್ ಸಲ್ಫೈಡ್ ದಾಟಿ ಬರುತ್ತಿದೆ. ತೇವ ಆರಿದೆಯೇ, ಪಿಎಚ್ 7ಕ್ಕಿಂತ ಇಳಿದಿದೆಯೇ, ಗೋಡೆ ಪಕ್ಕ ಸಂದಿ ಬಿದ್ದಿದೆಯೇ, ಈ ಕ್ರಮದಲ್ಲೇ ನೋಡಿ. ಮಾಲು ಬದಲಿಸುವುದು ಆಮೇಲೆ.

ಎಂಜಿನ್ ಆಯಿಲ್ ಬೇಗ ಕಪ್ಪಾಗಿ ದಪ್ಪಗಾಗುತ್ತಿದೆ. ಫಿಲ್ಟರ್ ಸೋತಿದೆ. ಆಯಿಲ್ ಬದಲಿಸಿ ಮತ್ತೆ ಓಡಿಸಿದರೆ ಬೇರಿಂಗ್ ಹೋಗುತ್ತದೆ. ಮೊದಲು ಕೊನೆಯ ವಾಲ್ವ್‌ನಲ್ಲಿ ಅಳೆದು, ಅಂಕಿ ಮ್ಯಾನುಯಲ್‌ನ ಮಿತಿಗೆ ಇಳಿದ ಮೇಲೆಯೇ ಎಂಜಿನ್ ಚಾಲೂ ಮಾಡಿ.